ಪಕ್ಕದ ನೋಟ ಹೋದ ಮೇಲೆ ನೀವು ಹೇಗೆ ಸಂಭಾಳಿಸಿದಿರಿ?

ಕೇಳಿದವರು:

ಓದುವ ಕನ್ನಡಕ ಬದಲಿಸಲೆಂದು ಹೋದಾಗ ಎರಡೂ ಕಣ್ಣುಗಳಲ್ಲಿ ಗ್ಲಾಕೋಮಾ, ಅಂದರೆ ಕಣ್ಣಿನ ನರ ಸವೆದು ಪಕ್ಕದ ನೋಟ ಕುಗ್ಗುವ ಕಾಯಿಲೆ, ಇದೆ ಎಂದು ತಿಳಿಯಿತು. ಅದಾಗಿ ಎಂಟು ತಿಂಗಳು. ನನಗೀಗ 52 ವರ್ಷ, ಲೆಕ್ಕಪತ್ರದ ಕೆಲಸ. ಎಡಗಣ್ಣಿನ ನೋಟದಲ್ಲಿ ಬಹುಪಾಲು ಹೋಗಿದೆ. ಬಲಗಣ್ಣಿನಲ್ಲಿ ಮೂಗಿನ ಕಡೆಯದೂ ಕೆಳಗಿನದೂ ಒಂದಿಷ್ಟು ಹೋಗಿದೆ. ನಡುವಿನ ನೋಟ ಮಾತ್ರ ಗಟ್ಟಿಯಾಗಿದೆ. ಪರೀಕ್ಷೆಯ ಹಲಗೆಯ ಸಣ್ಣ ಅಕ್ಷರಗಳನ್ನೂ ಓದುತ್ತೇನೆ. ಹಾಗಾಗಿ ನನ್ನ ತೊಂದರೆ ಏನೆಂದು ಯಾರಿಗೂ ವಿವರಿಸಲು ಬರುವುದಿಲ್ಲ. ಎಡಗಡೆಯಿಂದ ಬಂದವರಿಗೆ ಡಿಕ್ಕಿ ಹೊಡೆಯುತ್ತೇನೆ, ಇಳಿಯುವಾಗ ಕೊನೆಯ ಮೆಟ್ಟಿಲು ತಪ್ಪುತ್ತದೆ, ಅಂಕಿಗಳನ್ನು ಓದುತ್ತಿದ್ದಂತೆ ಸಾಲು ಜಾರುತ್ತದೆ. ಹೋದದ್ದು ಮರಳಿ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳೋಣ ಎಂದು ವೈದ್ಯರು ಹೇಳಿದ್ದಾರೆ. ಒಪ್ಪಿಕೊಂಡಿದ್ದೇನೆ. ನಾನು ಚಿಕಿತ್ಸೆ ಕೇಳುತ್ತಿಲ್ಲ. ಇಷ್ಟೇ ನೋಟ ಇಟ್ಟುಕೊಂಡು ದಿನ ಸಾಗಿಸುವುದು ಹೇಗೆಂದು ಸಾಗಿಸುತ್ತಿರುವವರು ಹೇಳಿದರೆ ಉಪಕಾರವಾಗುತ್ತದೆ. ಮನೆಯಲ್ಲಿ ಕೆಲಸ ಬಿಡು ಎನ್ನುತ್ತಿದ್ದಾರೆ. ನನಗೆ ಬಿಡುವ ಮನಸ್ಸಿಲ್ಲ.

ನಿವೃತ್ತ ಶಿಕ್ಷಕಿ, ಹದಿನಾಲ್ಕು ವರ್ಷಗಳಿಂದ ಗ್ಲಾಕೋಮಾ:

ಈ ಕಾಯಿಲೆಯವರಿಗೆ ಸುತ್ತ ಕಪ್ಪು, ನಡುವೆ ಸುರಂಗದ ಬಾಯಿಯಷ್ಟು ಬೆಳಕು ಎಂದು ಚಿತ್ರ ಬರೆದು ತೋರಿಸುತ್ತಾರಲ್ಲ, ನನಗೆ ಒಂದು ದಿನವೂ ಹಾಗೆ ಕಂಡಿಲ್ಲ. ನೋಟವಿಲ್ಲದ ಜಾಗಕ್ಕೆ ಮಿದುಳು ಅಕ್ಕಪಕ್ಕದ ಬಣ್ಣವನ್ನೇ ತಂದು ತೇಪೆ ಹಾಕುತ್ತದೆ. ಗೋಡೆಯ ಮುಂದೆ ಕುರ್ಚಿಯಿದ್ದರೆ ನನಗೆ ಕಾಣುವುದು ಬರೀ ಗೋಡೆ. ಕತ್ತಲೆಯಲ್ಲ, ಮಬ್ಬೂ ಅಲ್ಲ, ಅಚ್ಚುಕಟ್ಟಾದ ಗೋಡೆ. ನೋಡಿಕೊಂಡು ನಡೆಯಬಾರದೇ ಎಂದು ಗದರುವವರಿಗೆ ನಾನು ಹೇಳುವುದಿಷ್ಟೇ: ನೋಡಿಕೊಂಡೇ ನಡೆದೆ, ಅಲ್ಲಿ ಏನೂ ಇರಲಿಲ್ಲ.

ಇದು ತಲೆಗೆ ಹೋಗಲು ನನಗೆ ಎರಡು ವರ್ಷ ಬೇಕಾಯಿತು. ಅಲ್ಲಿಯವರೆಗೆ ಮೇಜಿನ ಎಡಗಡೆಯ ಲೋಟಗಳನ್ನೆಲ್ಲ ಉರುಳಿಸಿ, ನನಗೆ ಗಮನವೇ ಇಲ್ಲವೆಂದು ನನ್ನನ್ನೇ ಬೈದುಕೊಳ್ಳುತ್ತಿದ್ದೆ. ತಿಳಿದ ಮೇಲೆ ಮಾಡಿದ್ದು ತಲೆ ತಿರುಗಿಸುವ ಅಭ್ಯಾಸ. ಕಣ್ಣು ಹೊರಳಿಸಿದರಷ್ಟೇ ಸಾಲದು, ಕುತ್ತಿಗೆ ತಿರುಗಬೇಕು. ಬಾಗಿಲು ದಾಟಿದ ಕೂಡಲೇ ನಿಲ್ಲಿ. ನೋಟ ಹೋದ ಕಡೆಗೆ, ಅಂದರೆ ನಿಮ್ಮ ಎಡಕ್ಕೆ, ಮೊದಲು ಪೂರ್ತಿ ತಿರುಗಿ. ಅಲ್ಲಿಂದ ನಿಧಾನವಾಗಿ ಬಲಕ್ಕೆ ಬನ್ನಿ. ಆಮೇಲೆ ನೆಲ, ಆಮೇಲೆ ಹೆಜ್ಜೆ. ಮೊದಮೊದಲು ಮನಸ್ಸಿನಲ್ಲೇ ಹೇಳಿಕೊಂಡು ಮಾಡಬೇಕಾಗುತ್ತದೆ, ಕೆಲವು ತಿಂಗಳಲ್ಲಿ ಕುತ್ತಿಗೆಯೇ ಕಲಿತುಬಿಡುತ್ತದೆ. ಟೀಚರ್ ಪೊಲೀಸರ ಹಾಗೆ ನೋಡುತ್ತಾರೆ ಎಂದು ಮಕ್ಕಳು ನಗುತ್ತಿದ್ದರು. ಎಡ ಸಾಲಿನ ತುಂಟರಿಗೆ ಮಾತ್ರ ನಷ್ಟವಾಯಿತು.

ಮೆಟ್ಟಿಲು ಹತ್ತುವುದು ದೊಡ್ಡದಲ್ಲ, ಇಳಿಯುವುದೇ ಪರೀಕ್ಷೆ. ಕೆಳಗಿನ ನೋಟ ಹೋದವರಿಗೆ ಕಾಲ ಮುಂದಿನ ನೆಲವೇ ಇರುವುದಿಲ್ಲ. ಮೆಟ್ಟಿಲ ಪಕ್ಕದ ಕಂಬಿ ಹಿಡಿಯಲು ನಾಚಬೇಡಿ. ಗದ್ದ ಎದೆಗೆ ತಾಗುವಷ್ಟು ತಲೆ ಬಗ್ಗಿಸಿ, ಪ್ರತಿ ಹೆಜ್ಜೆಗೂ ಹಿಮ್ಮಡಿಯನ್ನು ಹಿಂದಿನ ಮೆಟ್ಟಿಲಿಗೆ ತಾಗಿಸಿ ಇಳಿಯಿರಿ. ಮನೆಯ ಮೆಟ್ಟಿಲುಗಳ ಅಂಚಿಗೆ, ಮುಖ್ಯವಾಗಿ ಮೊದಲನೆಯದಕ್ಕೂ ಕೊನೆಯದಕ್ಕೂ, ಎದ್ದು ಕಾಣುವ ಬಣ್ಣದ ಪಟ್ಟಿ ಅಂಟಿಸಿ. ಇನ್ನೊಂದು ವಿಷಯ ನನಗೆ ಯಾರೂ ಹೇಳಿರಲಿಲ್ಲ, ಬಿದ್ದು ಮಂಡಿ ಒಡೆದುಕೊಂಡು ಕಲಿತೆ. ದೂರ ಮತ್ತು ಹತ್ತಿರ ಎರಡಕ್ಕೂ ಒಂದೇ ಕನ್ನಡಕ ಹಾಕುವವರಾದರೆ, ಕೆಳಗೆ ನೋಡಿದಾಗ ಓದುವ ಗಾಜು ಅಡ್ಡ ಬಂದು ಮೆಟ್ಟಿಲು ಇನ್ನಷ್ಟು ಮಸುಕಾಗುತ್ತದೆ. ನಡೆಯಲು ದೂರದ್ದೊಂದೇ ಇರುವ ಬೇರೆ ಕನ್ನಡಕ ಮಾಡಿಸಿಕೊಳ್ಳಿ.

ಬೆಳಕಿನ ವಿಷಯದಲ್ಲಿ ಎಲ್ಲರೂ ದೊಡ್ಡ ದೀಪ ಹಾಕಿಸಿ ಎನ್ನುತ್ತಾರೆ. ಬೆಳಕು ಹೆಚ್ಚು ಬೇಕು ನಿಜ, ಆದರೆ ಅದು ಕಣ್ಣಿಗೆ ಹೊಡೆಯದೆ ಪುಟದ ಮೇಲೆ ಬೀಳಬೇಕು. ದೀಪ ನಿಮ್ಮ ಹೆಗಲ ಹಿಂದಿರಲಿ. ಬಿಸಿಲಿನಲ್ಲಿ ಅಂಚಿರುವ ಟೋಪಿ ನನಗೆ ಕಪ್ಪು ಕನ್ನಡಕಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು. ಬಿಸಿಲಿನಿಂದ ಒಳಗೆ ಬಂದರೆ ಕಣ್ಣು ಹೊಂದಿಕೊಳ್ಳುವವರೆಗೆ ಹೊಸ್ತಿಲಲ್ಲೇ ನಿಂತುಬಿಡಿ. ಹಿಂದಿನಿಂದ ಬಂದವರು ಕಾಯಲಿ.

ಬಿಳಿ ಕೋಲನ್ನು ನಾನು ಹಿಡಿದಿಲ್ಲ. ಅಷ್ಟರ ಮಟ್ಟಿಗೆ ಬೇಕಾಗಿಲ್ಲ ಎಂದುಕೊಂಡಿದ್ದೇನೆ.

ಪತಿಗೆ ಗ್ಲಾಕೋಮಾ ಇರುವವರು:

ನಾನು ಮನೆಯವರ ಪರವಾಗಿ ಬರೆಯುತ್ತೇನೆ. ಕೆಲಸ ಬಿಡು ಎನ್ನುವವರ ಮೇಲೆ ಕೋಪ ಬೇಡ, ಅದು ಹೆದರಿಕೆಯ ಮಾತು. ಅವರಿಗೆ ಮಾಡಲು ಏನಾದರೂ ಕೊಡಿ.

ನಮ್ಮ ಮನೆಯ ನಿಯಮಗಳು ಕಡಿಮೆ, ಆದರೆ ಕಟ್ಟುನಿಟ್ಟು. ಬಾಗಿಲು ಪೂರ್ತಿ ತೆರೆದಿರಬೇಕು ಅಥವಾ ಪೂರ್ತಿ ಮುಚ್ಚಿರಬೇಕು. ಅರ್ಧ ತೆರೆದ ಬಾಗಿಲಿನ ಅಂಚು ಅವರ ಹಣೆಗೆ ಎರಡು ಸಲ ಹೊಲಿಗೆ ಹಾಕಿಸಿದೆ. ಅಡುಗೆಮನೆಯ ಮೇಲಿನ ಕಪಾಟಿಗೂ ಅದೇ ನಿಯಮ. ಓಡಾಡುವ ದಾರಿಯಲ್ಲಿ ಚೀಲ, ಚಪ್ಪಲಿ, ಚಾರ್ಜರಿನ ತಂತಿ ಇರಕೂಡದು. ಕೋಣೆಗೆ ಬಂದವರು ಮಾತಾಡಿಸಬೇಕು, ಹೋಗುವಾಗಲೂ ಹೇಳಿ ಹೋಗಬೇಕು. ಅವರು ಖಾಲಿ ಕುರ್ಚಿಯ ಜೊತೆ ಹತ್ತು ನಿಮಿಷ ಹರಟಿದ್ದುಂಟು. ಜನಸಂದಣಿಯಲ್ಲಿ ನಾನು ಅವರ ತೋಳು ಹಿಡಿದು ಎಳೆಯುವುದಿಲ್ಲ, ಅವರೇ ನನ್ನ ಮೊಣಕೈ ಹಿಡಿದು ಅರ್ಧ ಹೆಜ್ಜೆ ಹಿಂದೆ ಬರುತ್ತಾರೆ. ನಾನು ಮೆಟ್ಟಿಲು ಇಳಿದರೆ ಅದು ಅವರ ಕೈಗೇ ತಿಳಿಯುತ್ತದೆ.

ಒಂದು ಎಚ್ಚರಿಕೆ. ಅವರಿಗೆ ಕಣ್ಣಿನ ಒತ್ತಡ ಇಳಿಸುವ ಟಿಮೊಲಾಲ್ ಎಂಬ ಹನಿ ಕೊಟ್ಟಿದ್ದರು. ಕೆಲವು ವಾರಗಳಲ್ಲಿ ಉಬ್ಬಸ ಶುರುವಾಯಿತು, ನಾಡಿ ನಿಧಾನವಾಯಿತು. ಎದೆಯ ವೈದ್ಯರು ಯಾವ ಔಷಧಿ ತೆಗೆದುಕೊಳ್ಳುತ್ತೀರಿ ಎಂದು ಕೇಳಿದಾಗ ನಾವಿಬ್ಬರೂ ಮಾತ್ರೆಗಳ ಹೆಸರನ್ನಷ್ಟೇ ಹೇಳಿದೆವು. ಕಣ್ಣಿಗೆ ಹಾಕುವುದು ಎದೆಗೆ ಹೋಗುತ್ತದೆಂದು ಯಾರಿಗೆ ಹೊಳೆಯುತ್ತದೆ? ಹನಿ ಕಣ್ಣಿನಿಂದ ಮೂಗಿಗೆ ಹೋಗುವ ನಾಳದ ಮೂಲಕ ಇಳಿದು ರಕ್ತಕ್ಕೆ ಸೇರುತ್ತದಂತೆ. ಅವರಿಗೆ ಚಿಕ್ಕಂದಿನಲ್ಲಿ ಅಸ್ತಮಾ ಇತ್ತು, ಕಣ್ಣಿನ ವೈದ್ಯರಿಗೆ ನಾವು ಅದನ್ನೂ ಹೇಳಿರಲಿಲ್ಲ. ಹನಿ ಬದಲಿಸಿದ ಮೇಲೆ ಸರಿಹೋಯಿತು. ಔಷಧಿಗಳ ಪಟ್ಟಿಯಲ್ಲಿ ಕಣ್ಣಿನ ಹನಿಯನ್ನು ಮೊದಲನೆಯದಾಗಿ ಬರೆದಿಡಿ.

ಅಂದ ಹಾಗೆ, ನೀವು ವಾಹನ ಓಡಿಸುತ್ತೀರಾ? ಇಷ್ಟೆಲ್ಲ ಬರೆದವರು ಅದೊಂದನ್ನು ಬರೆದಿಲ್ಲ.

ಕಣ್ಣಿನ ವಿಭಾಗದಲ್ಲಿ ಕೆಲಸ ಮಾಡಿದ ದಾದಿ:

ಮೇಲಿನವರು ಹೇಳಿದ ನಾಳದ ಮಾತು ಸರಿ. ಹನಿ ಹಾಕಿದ ಮೇಲೆ ಕಣ್ಣನ್ನು ಮೆಲ್ಲಗೆ ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿಹಿಡಿಯಿರಿ. ಔಷಧಿ ಕಣ್ಣಿನಲ್ಲೇ ಉಳಿಯುತ್ತದೆ, ಮೈಗೆ ಹೋಗುವುದು ಕಡಿಮೆಯಾಗುತ್ತದೆ. ರೆಪ್ಪೆ ಪಟಪಟನೆ ಬಡಿಯಬೇಡಿ. ಒಂದು ಹನಿ ಧಾರಾಳ, ಎರಡನೆಯದು ಕೆನ್ನೆಗೆ. ಎರಡು ಬಗೆಯ ಹನಿಗಳಿದ್ದರೆ ನಡುವೆ ಐದು ನಿಮಿಷ ಬಿಡಿ, ಇಲ್ಲವಾದರೆ ಮೊದಲನೆಯದನ್ನು ಎರಡನೆಯದು ತೊಳೆದು ಹಾಕುತ್ತದೆ. ಕೈ ನಡುಗುವವರು ಮಲಗಿಕೊಂಡು ಹಾಕಿಕೊಳ್ಳಬಹುದು.

ಈ ಕಾಯಿಲೆ ಸಾಮಾನ್ಯವಾಗಿ ನೋಯುವುದಿಲ್ಲ, ಹನಿ ಹಾಕಿದರೆ ಏನೂ ಸುಧಾರಿಸಿದಂತೆ ಕಾಣುವುದೂ ಇಲ್ಲ. ಜನ ಹನಿ ಬಿಡುವುದು ಅದಕ್ಕೇ. ಹಲ್ಲುಜ್ಜುವಂಥ ದಿನವೂ ತಪ್ಪದ ಕೆಲಸಕ್ಕೆ ಅದನ್ನು ಗಂಟು ಹಾಕಿ. ಸ್ಟೀರಾಯ್ಡ್ ಇರುವ ಹನಿ ಅಥವಾ ಮುಲಾಮನ್ನು ನೀವಾಗಿಯೇ ಬಳಸಬೇಡಿ, ಕೆಲವರಲ್ಲಿ ಅದು ಕಣ್ಣಿನ ಒತ್ತಡವನ್ನು ಏರಿಸುತ್ತದೆ. ಥಟ್ಟನೆ ಕಣ್ಣುನೋವು, ದೀಪದ ಸುತ್ತ ಬಣ್ಣದ ಬಳೆ, ವಾಂತಿ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ.

34 ವರ್ಷ, ಕಂಪ್ಯೂಟರ್ ಕೆಲಸ:

ನನಗೆ ಹತ್ತೊಂಬತ್ತರಲ್ಲೇ ಬಂತು. ಅಂಕಿಗಳ ಬಗ್ಗೆ ಹೇಳುತ್ತೇನೆ, ಅದು ನನ್ನ ಹೊಟ್ಟೆಪಾಡು.

ಕಣ್ಣು ಕಾಣದವರಿಗೆ ಅಕ್ಷರ ದೊಡ್ಡದು ಮಾಡಿಕೊಡಿ ಎನ್ನುವುದು ನಮ್ಮ ವಿಷಯದಲ್ಲಿ ಅರ್ಧ ತಪ್ಪು. ನಮ್ಮ ಕಿಟಕಿಯೇ ಚಿಕ್ಕದು. ಅಕ್ಷರ ಹಿಗ್ಗಿದಷ್ಟೂ ಕಿಟಕಿಯಲ್ಲಿ ಹಿಡಿಸುವುದು ಕಡಿಮೆಯಾಗಿ, ಸಾಲಿನ ತಲೆ ಎಲ್ಲಿ ಬಾಲ ಎಲ್ಲಿ ಎಂದು ಹುಡುಕಾಟವಾಗುತ್ತದೆ. ಓದಲು ಆಗುವಷ್ಟು ಚಿಕ್ಕದಾಗಿ ಇಟ್ಟು, ಬಣ್ಣದ ವ್ಯತ್ಯಾಸ ಹೆಚ್ಚಿಸಿ. ನನಗೆ ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಹಿತ, ನಿಮಗೆ ಬೇರೆಯಾಗಬಹುದು. ಲೆಕ್ಕದ ಹಾಳೆಯಲ್ಲಿ ಸಾಲು ಬಿಟ್ಟು ಸಾಲಿಗೆ ತಿಳಿಬಣ್ಣ ತುಂಬಿ, ಮೊದಲ ಕಾಲಂ ಕದಲದಂತೆ ಕಟ್ಟಿಹಾಕಿ, ಮೌಸಿನ ಬಾಣವನ್ನು ದಪ್ಪ ಮಾಡಿಕೊಳ್ಳಿ. ಕಾಗದದ ಮೇಲಾದರೆ ಸಾಲಿನ ಕೆಳಗೆ ಕಪ್ಪು ಪಟ್ಟಿ ಇಟ್ಟು, ಎಡ ಅಂಚಿನಲ್ಲಿ ಎಡಗೈ ಹೆಬ್ಬೆರಳು ಊರಿ. ಸಾಲು ಮುಗಿದಾಗ ಕಣ್ಣು ಹೆಬ್ಬೆರಳಿಗೆ ಮರಳಿದರೆ ಸಾಕು, ಮುಂದಿನ ಸಾಲು ಅಲ್ಲೇ ಇರುತ್ತದೆ.

ಓದಿ ಹೇಳುವ ತಂತ್ರಾಂಶವನ್ನು ಈಗಲೇ ಕಲಿಯಿರಿ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್, ಐಫೋನಿನಲ್ಲಿ ವಾಯ್ಸ್‌ಓವರ್ ಇವೆ. ವಿಂಡೋಸ್ ಕಂಪ್ಯೂಟರಿಗೆ ಎನ್‌ವಿಡಿಎ ಉಚಿತವಾಗಿ ಸಿಗುತ್ತದೆ. ನೋಟ ಇರುವಾಗ ಕಲಿತರೆ ಅದು ಒಂದು ಸಲಕರಣೆ, ಹೋದ ಮೇಲೆ ಕಲಿಯಲು ಕುಳಿತರೆ ಶಿಕ್ಷೆ. ಸಂಜೆ ಕಣ್ಣು ಸೋತಾಗ ನಾನು ಕಿವಿಗೆ ಬದಲಾಯಿಸಿಕೊಳ್ಳುತ್ತೇನೆ, ಕೆಲಸ ನಿಲ್ಲುವುದಿಲ್ಲ.

ಸಭೆಗಳಲ್ಲಿ ಮೇಜಿನ ಎಡ ತುದಿಯಲ್ಲಿ ಕೂರಿ, ಎಲ್ಲರೂ ನಿಮ್ಮ ಬಲಕ್ಕೆ ಬರುತ್ತಾರೆ. ಸಹೋದ್ಯೋಗಿಗಳಿಗೆ ಕಾಯಿಲೆಯ ಪಾಠ ಮಾಡಬೇಡಿ. "ನನಗೆ ಎಡಗಡೆ ಕಾಣುವುದಿಲ್ಲ, ಹೆಸರು ಹಿಡಿದು ಕರೆಯಿರಿ, ಕೈ ಚಾಚಿದ್ದು ಕಾಣದಿದ್ದರೆ ಅದು ಅಹಂಕಾರವಲ್ಲ." ನಾನು ಇಷ್ಟೇ ಹೇಳಿದ್ದು, ಐದು ವರ್ಷದ ಮುನಿಸು ಒಂದು ಮಧ್ಯಾಹ್ನದಲ್ಲಿ ಕರಗಿತು.

ಮೇಡಂ, ಕೋಲಿನ ಬಗ್ಗೆ ಮಾತ್ರ ನಾನು ನಿಮ್ಮ ಮಾತು ಒಪ್ಪುವುದಿಲ್ಲ. ಮಡಚುವ ಕೋಲು ನನ್ನ ಚೀಲದಲ್ಲಿರುತ್ತದೆ. ಹಗಲು ತೆಗೆಯುವುದಿಲ್ಲ, ಮುಸ್ಸಂಜೆಯಲ್ಲಿ ಮತ್ತು ಜನ ತುಂಬಿದ ಕಡೆ ಬಿಚ್ಚುತ್ತೇನೆ. ಅದು ನೆಲ ತಡವುವುದಕ್ಕಷ್ಟೇ ಅಲ್ಲ, ಎದುರಿನವರಿಗೆ ನನ್ನ ಪರವಾಗಿ ಮಾತಾಡುತ್ತದೆ. ಒಮ್ಮೆ ಬಸ್ಸಿನಲ್ಲಿ ಕೋಲು ಮಡಿಲಲ್ಲಿಟ್ಟುಕೊಂಡು ಫೋನ್ ಓದುತ್ತಿದ್ದೆ, ಪಕ್ಕದವರು ನಾನು ನಾಟಕ ಮಾಡುತ್ತಿದ್ದೇನೆ ಎಂದು ಗಟ್ಟಿಯಾಗಿಯೇ ಅಂದರು. ಓದಲು ನಡುವಿನ ನೋಟ ಸಾಕು, ನಡೆಯಲು ಅಂಚಿನದು ಬೇಕು ಎಂದು ಹೇಳಿದೆ. ಅವರು ನಂಬಲಿಲ್ಲ. ಇಳಿಯುವಾಗ ಮಾತ್ರ ದಾರಿ ಬಿಟ್ಟರು. ಸರಿಯಾಗಿ ಬಳಸುವುದನ್ನು ತರಬೇತುದಾರರಿಂದ ಕಲಿಯಿರಿ, ನೋಡಿ ಕಲಿತದ್ದು ಸಾಲದು.

61 ವರ್ಷ:

ನಾನು ಮಾಡಿದ ತಪ್ಪನ್ನು ಬರೆದು ಹೋಗುತ್ತೇನೆ. ಕಣ್ಣಿನ ಒತ್ತಡ ಸಾಮಾನ್ಯವಾಗಿ 10ರಿಂದ 21 ಮಿ.ಮೀ. ಪಾದರಸದ ನಡುವೆ ಇರುತ್ತದೆ ಎಂದು ಎಲ್ಲೋ ಓದಿದ್ದೆ. ನನ್ನದು 17 ಬಂತು. ಸರಿಯಾಗಿದೆಯಲ್ಲ ಎಂದು ಹನಿ ನಿಲ್ಲಿಸಿ, ಕಣ್ಣಿನ ವ್ಯಾಯಾಮದಿಂದ ನೋಟ ಮರಳುತ್ತದೆ ಎಂದವರ ಮಾತು ಕೇಳಿದೆ. ಒಂದೂವರೆ ವರ್ಷದ ಮೇಲೆ, ಸುತ್ತಲಿನ ನೋಟ ಎಷ್ಟಿದೆ ಎಂದು ಅಳೆಯುವ ಫೀಲ್ಡ್ ಟೆಸ್ಟ್ ಮಾಡಿಸಿದರೆ ಬಲಗಣ್ಣಿನ ನೋಟದ ಮೇಲ್ಭಾಗ ಹೋಗಿತ್ತು. ಒತ್ತಡ 21ರ ಒಳಗಿದ್ದರೂ ನರ ಸವೆಯುವ ಗ್ಲಾಕೋಮಾ ಇದೆ, ನನ್ನದು ಅದೇ. ಎಷ್ಟಕ್ಕೆ ಇಳಿಸಬೇಕು ಎನ್ನುವ ಗುರಿ ಒಬ್ಬೊಬ್ಬರಿಗೆ ಬೇರೆ. ನಿಮ್ಮ ಗುರಿ ಎಷ್ಟೆಂದು ಕೇಳಿ ತಿಳಿದುಕೊಳ್ಳಿ. ವ್ಯಾಯಾಮ ಕಲಿಸಿದವರು ಶೀರ್ಷಾಸನವನ್ನೂ ಮಾಡಿಸುತ್ತಿದ್ದರು. ತಲೆ ಕೆಳಗಾದಾಗ ಕಣ್ಣಿನ ಒತ್ತಡ ಸುಮಾರು ಎರಡು ಪಟ್ಟಾಗುತ್ತದೆ, ಗ್ಲಾಕೋಮಾ ಇರುವವರು ಮಾಡಲೇಬಾರದು ಎಂದು ಆಮೇಲೆ ವೈದ್ಯರಿಂದ ಬೈಸಿಕೊಂಡೆ. ದಿನವೂ ನಡೆಯಿರಿ, ಅದಕ್ಕೆ ಅಡ್ಡಿಯಿಲ್ಲ.

ಫೀಲ್ಡ್ ಟೆಸ್ಟಿನ ಹಿಂದಿನ ರಾತ್ರಿ ನನಗೆ ಇವತ್ತಿಗೂ ನಿದ್ದೆ ಬರುವುದಿಲ್ಲ. ಮೊದಮೊದಲು ಯಾರಿಗೂ ಹೇಳದೆ ಒಳಗೊಳಗೇ ಕುಸಿದಿದ್ದೆ, ಆಪ್ತಸಮಾಲೋಚಕರ ಬಳಿ ಹೋದದ್ದು ಹನಿಯಷ್ಟೇ ಉಪಕಾರ ಮಾಡಿತು.

ಕೇಳಿದವರು:

ಎಲ್ಲವನ್ನೂ ಎರಡು ಸಲ ಓದಿದೆ, ಎರಡನೆಯ ಸಲ ಫೋನಿನಿಂದ ಓದಿಸಿಕೊಂಡು. ಅದು ನನ್ನ ಹೆಸರನ್ನೇ ತಪ್ಪು ಉಚ್ಚರಿಸುತ್ತದೆ. ಹೆಬ್ಬೆರಳಿನ ಉಪಾಯ ನಿನ್ನೆಯಿಂದ ನಡೆಯುತ್ತಿದೆ.

ವಾಹನದ ಪ್ರಶ್ನೆ ಕೇಳಿದವರಿಗೆ: ಹೌದು, ಓಡಿಸುತ್ತಿದ್ದೇನೆ. ಬೇಕೆಂದೇ ಬರೆಯಲಿಲ್ಲ. ಕಳೆದ ತಿಂಗಳು ಎಡಗಡೆಯಿಂದ ಒಂದು ಸೈಕಲ್ ಬಂದದ್ದು ಅದು ನನ್ನ ಮುಂದೆ ಹೋದ ಮೇಲೆಯೇ ಕಂಡದ್ದು. ಇಲ್ಲಿ ಯಾರೋ ಬರೆದ ಹಾಗೆ, ಅಲ್ಲಿ ಏನೂ ಇರಲಿಲ್ಲ.

ನಿವೃತ್ತ ಶಿಕ್ಷಕಿ:

ಹಾಗಾದರೆ ಪರೀಕ್ಷೆಯಾಗುವವರೆಗೆ ಓಡಿಸಬೇಡಿ. ಒಂದೊಂದೇ ಕಣ್ಣಿನ ಫೀಲ್ಡ್ ಟೆಸ್ಟ್ ಇದಕ್ಕೆ ಸಾಲದು, ಎರಡೂ ಕಣ್ಣು ತೆರೆದು ಮಾಡುವ ಪರೀಕ್ಷೆ ಬೇರೆ ಇದೆ, ಅದನ್ನೇ ಕೇಳಿ ಮಾಡಿಸಿ. ನಾನು ಬಿಟ್ಟ ವರ್ಷ ಬಹಳ ಅತ್ತೆ, ಸುಳ್ಳು ಹೇಳುವುದಿಲ್ಲ. ನಿಮಗೆ ಒಡಹುಟ್ಟಿದವರು ಇದ್ದಾರೆಯೇ? ಈ ಕಾಯಿಲೆ ಮನೆತನದಲ್ಲಿ ಹರಿಯುತ್ತದೆ, ಅವರೂ ಕಣ್ಣು ತೋರಿಸಬೇಕು. ಕೋಲಿನ ತಮ್ಮನಿಗೆ: ನಿಮ್ಮ ಮಾತು ಓದಿ ಸಿಟ್ಟು ಬಂತು. ಎಷ್ಟು ಉದ್ದದ್ದು ತೆಗೆದುಕೊಳ್ಳಬೇಕು?

ಕೇಳಿದವರು:

ತಮ್ಮನಿದ್ದಾನೆ, 48 ವರ್ಷ. ನನಗೆ ಚೆನ್ನಾಗಿಯೇ ಕಾಣುತ್ತದೆ, ನಾನೇಕೆ ತೋರಿಸಲಿ ಎನ್ನುತ್ತಿದ್ದ. ನನಗೂ ಚೆನ್ನಾಗಿಯೇ ಕಾಣುತ್ತಿತ್ತು ಎಂದೆ. ಗುರುವಾರ ಇಬ್ಬರೂ ಹೋಗುತ್ತೇವೆ, ಅವನೇ ಓಡಿಸಲಿದ್ದಾನೆ.