ಏವಿಯಾನಿಕ್ಸ್ ಟ್ರೇಡ್ ಸಿಕ್ಕಿದೆ, ಕೆಲಸ ಹೇಗಿರುತ್ತದೆ? ಮಾಡಿದವರು ಹೇಳಿ

ಕೇಳಿದವರು:
ಎಲ್ಲರಿಗೂ ನಮಸ್ಕಾರ. ವಾಯುಪಡೆಗೆ ಆಯ್ಕೆಯಾಗಿದ್ದೇನೆ. ಯುದ್ಧವಿಮಾನದ ಏವಿಯಾನಿಕ್ಸ್ ಟ್ರೇಡ್ ಕೊಟ್ಟಿದ್ದಾರೆ. ಅಂದರೆ ರೇಡಿಯೋ, ರೇಡಾರ್, ನ್ಯಾವಿಗೇಶನ್ ಇವೆಲ್ಲದರ ರಿಪೇರಿ. ಚಿಕ್ಕಂದಿನಿಂದ ಸರ್ಕ್ಯೂಟ್ ಬೋರ್ಡ್ ಬಿಚ್ಚಿ ನೋಡುವುದು ನನಗೆ ಹುಚ್ಚು. ಕೆಲಸ ಹಾಗೇ ಇರುತ್ತಾ? ಮೊದಲು ಏನು ಕಲಿಯಬೇಕು? ಮುಂದೆ ಹೊರಗೆ ಕೆಲಸ ಸಿಗುತ್ತಾ?

ಹದಿನಾಲ್ಕು ವರ್ಷ ಫ್ಲೈಟ್ ಲೈನ್‌ನಲ್ಲಿದ್ದವರು:
ತಮ್ಮಾ, ಫ್ಲೈಟ್ ಲೈನ್ ಅಂದರೆ ವಿಮಾನ ನಿಲ್ಲಿಸಿ ಹಾರಾಟಕ್ಕೆ ಸಿದ್ಧ ಮಾಡುವ ಜಾಗ. ಅಲ್ಲಿ ಬೋರ್ಡ್ ಬಿಚ್ಚುವ ಮಾತೇ ಇಲ್ಲ. ಕೆಟ್ಟ ಬಾಕ್ಸನ್ನು, ಅಂದರೆ ರೇಡಿಯೋದಂಥ ಉಪಕರಣವನ್ನು, ಇಡಿಯಾಗಿ ತೆಗೆದು ಇನ್ನೊಂದನ್ನು ಕೂರಿಸುತ್ತೇವೆ, ಅಷ್ಟೇ. ಎಷ್ಟೋ ಸಲ ಆ ಬಾಕ್ಸಿನದು ತಪ್ಪೇ ಇರುವುದಿಲ್ಲ. ವರ್ಕ್‌ಶಾಪಿಗೆ ಹೋಗಿ 'ದೋಷ ಕಂಡುಬಂದಿಲ್ಲ' ಅನ್ನೋ ಚೀಟಿ ಹೊತ್ತು ವಾಪಸ್ ಬರುತ್ತದೆ. ನಾನಂತೂ ಮೊದಲು ಕನೆಕ್ಟರ್ ನೋಡುತ್ತೇನೆ. ಬಾಗಿದ ಪಿನ್, ಒಳಗೆ ಸೇರಿದ ತೇವ, ಕ್ಲಾಂಪಿಗೆ ಉಜ್ಜಿ ಸವೆದ ವೈರ್.

ಒಂದು ವಿಮಾನದಲ್ಲಿ ರೇಡಿಯೋ ಆಗಾಗ ಸತ್ತುಹೋಗುತ್ತಿತ್ತು. ನೆಲದ ಮೇಲೆ ಪರೀಕ್ಷೆ ಮಾಡಿದರೆ ಎಲ್ಲ ಚೊಕ್ಕ. ಎರಡು ಸಲ ಬಾಕ್ಸ್ ಬದಲಾಯಿಸಿದೆ. ಮೂರನೇ ಸಲ ಪೈಲಟ್ ಜೊತೆ ಕೂತು ಕೇಳಿದೆ: ಆಗ ಎಷ್ಟು ಎತ್ತರ, ಏನು ಮಾಡುತ್ತಿದ್ದಿರಿ? ಜೋರಾಗಿ ತಿರುಗಿಸುವಾಗ ಮಾತ್ರ ಹೀಗಾಗುತ್ತದೆ ಅಂದರು. ಪ್ಯಾನೆಲ್ ತೆಗೆದರೆ ಸಡಿಲ ಕ್ಲಾಂಪ್. ತಿರುವಿನಲ್ಲಿ ಭಾರ ಬಿದ್ದಾಗ ವೈರ್ ಜೋತು, ಸವೆದ ಜಾಗ ಲೋಹಕ್ಕೆ ತಾಗುತ್ತಿತ್ತು. ಹತ್ತು ನಿಮಿಷದ ಕೆಲಸ, ಅದಕ್ಕೆ ಮೂರು ರಾತ್ರಿ ನಿದ್ದೆ ಇಲ್ಲ. ಮೊದಲ ದಿನವೇ ಕೇಳಬಹುದಿತ್ತು, ಅಲ್ವಾ?

ವರ್ಕ್‌ಶಾಪ್‌ನಲ್ಲಿದ್ದ ಒಬ್ಬ ಅಕ್ಕ:
ಬೋರ್ಡ್ ಹುಚ್ಚಿದ್ದರೆ ನಮ್ಮ ಕಡೆ ಹಾಕಿಸಿಕೋ. ಆದರೆ ಮಣಿಕಟ್ಟಿಗೆ ಅರ್ಥ್ ಪಟ್ಟಿ ಕಟ್ಟದೆ ಏನನ್ನೂ ಮುಟ್ಟಬೇಡ. ಸ್ಟ್ಯಾಟಿಕ್ ಕರೆಂಟ್ ನಮಗೆ ಚುರುಕ್ ಅನ್ನಿಸಬೇಕಾದರೆ ಸುಮಾರು 3000 ವೋಲ್ಟ್ ಬೇಕು. ಕೆಲವು ಚಿಪ್‌ಗಳು 100 ವೋಲ್ಟಿಗೂ ಕಡಿಮೆಯಲ್ಲಿ ಕೆಡುತ್ತವೆ. ಅಂದರೆ ನೀನು ಕೆಡಿಸಿದ್ದು ನಿನಗೇ ಗೊತ್ತಾಗುವುದಿಲ್ಲ. ಪೂರ್ತಿ ಸತ್ತರೆ ಪರವಾಗಿಲ್ಲ. ಅರ್ಧ ಜೀವ ಇಟ್ಟುಕೊಂಡು ಮೇಜಿನ ಮೇಲೆ ಪಾಸಾಗಿ, ಆಮೇಲೆ ಆಕಾಶದಲ್ಲಿ ಕೈ ಕೊಡುತ್ತದೆ ನೋಡು, ಅದೇ ಭಯ.

ಓದುವುದಾದರೆ 1553 ಡೇಟಾ ಬಸ್ ಓದು, ಅಂದರೆ ವಿಮಾನದ ಉಪಕರಣಗಳು ಒಂದಕ್ಕೊಂದು ಮಾಹಿತಿ ಕಳಿಸುವ ವೈರ್ ಜಾಲ. 1973ರ ಅಮೆರಿಕನ್ ಸ್ಟ್ಯಾಂಡರ್ಡ್, ಇವತ್ತಿಗೂ ಎಲ್ಲೆಡೆ ಇದೆ. ಸೆಕೆಂಡಿಗೆ ಬರೀ 1 ಮೆಗಾಬಿಟ್, ಒಂದು ಬಸ್ಸಿಗೆ ಹೆಚ್ಚೆಂದರೆ 31 ಟರ್ಮಿನಲ್ (ಉಪಕರಣ ಜೋಡಿಸುವ ಕೊಂಡಿ). ವೇಗ ನೋಡಿ ನಗಬೇಡ. ಒಂದು ದಾರಿ ಹಾಳಾದರೆ ಇನ್ನೊಂದು ಸಿದ್ಧವಿರುತ್ತದೆ, ಅದಕ್ಕೇ ಇಷ್ಟು ಬಾಳಿಕೆ.

ಇನ್ನೊಬ್ಬರು:
ಕಾಕ್‌ಪಿಟ್ ಹತ್ತುವ ಮುಂಚೆ ಇಜೆಕ್ಷನ್ ಸೀಟಿನ (ಅಪಾಯದಲ್ಲಿ ಪೈಲಟ್‌ನನ್ನು ಹೊರಕ್ಕೆ ಚಿಮ್ಮಿಸುವ ಸೀಟು) ಸೇಫ್ಟಿ ಪಿನ್, ಅಂದರೆ ಅದು ತಾನಾಗಿ ಹಾರದಂತೆ ತಡೆಯುವ ಪಿನ್, ಕಣ್ಣಾರೆ ನೋಡಿ. ಯಾರೇ 'ಹಾಕಿದೆ' ಅಂದರೂ ನೋಡಿ. ಆನ್ ಆಗಿರುವ ರೇಡಾರ್ ಮುಂದೆ ಹೋಗಬೇಡಿ. ಟೂಲ್ ಎಣಿಸಿ, ಒಂದೂ ವಿಮಾನದೊಳಗೆ ಉಳಿಯಬಾರದು. ನಾನೊಮ್ಮೆ ನಡುರಾತ್ರಿ ಒಂದು ಸ್ಕ್ರೂಡ್ರೈವರ್ ಬಿಟ್ ಕಳೆದುಕೊಂಡು ಹೇಳಿಬಿಟ್ಟೆ. ವಿಮಾನ ನಿಂತಿತು, ಎಲ್ಲರೂ ಹುಡುಕಿದರು. ಕೊನೆಗೆ ಅದು ನನ್ನ ಟಾರ್ಚಿನ ಆಯಸ್ಕಾಂತಕ್ಕೇ ಅಂಟಿಕೊಂಡಿತ್ತು! ಬೈಸಿಕೊಂಡೆ, ನಿಜ.

ತರಬೇತಿ ಕೊಡುತ್ತಿದ್ದವರು:
ಕೈಚಳಕದ ಜೊತೆ ಬರೆಯುವುದನ್ನೂ ಕಲಿಯಿರಿ. 2008ರ ಫೆಬ್ರವರಿ 23ರಂದು ಗುವಾಮ್‌ನಲ್ಲಿ ಅಮೆರಿಕದ ಬಿ-2 ಬಾಂಬರ್ ಮೇಲೇಳುತ್ತಲೇ ಬಿದ್ದಿತು. ಗಾಳಿಯ ಒತ್ತಡ ಅಳೆಯುವ ಸೆನ್ಸರ್‌ಗಳಲ್ಲಿ ತೇವ ಸೇರಿತ್ತು. ತೇವ ಇದ್ದಾಗಲೇ ಕ್ಯಾಲಿಬ್ರೇಶನ್, ಅಂದರೆ ಅಳತೆ ಸರಿಹೊಂದಿಸುವ ಕೆಲಸ, ಮಾಡಿದರು. ಆಮೇಲೆ ಸೆನ್ಸರ್ ಒಣಗಿತು, ಲೆಕ್ಕ ತಪ್ಪಿತು, ಕಂಪ್ಯೂಟರ್ ಮೂಗನ್ನು ವಿಪರೀತ ಮೇಲಕ್ಕೆತ್ತಿತು. ಇಬ್ಬರೂ ಪೈಲಟ್‌ಗಳು ಇಜೆಕ್ಟ್ ಆಗಿ ಬದುಕಿದರು. ಹೊಟ್ಟೆ ಉರಿಸುವ ವಿಷಯ ಏನೆಂದರೆ, ಮೊದಲು ಹೀಟರ್ ಹಾಕಿ ಒಣಗಿಸಬೇಕು ಅನ್ನುವುದು ಕೆಲವರಿಗೆ 2006ರಲ್ಲೇ ಗೊತ್ತಾಗಿತ್ತು. ಅದು ಮ್ಯಾನ್ಯುಯಲ್ ಸೇರಲಿಲ್ಲ, ಬಾಯಿಮಾತಲ್ಲೇ ಉಳಿಯಿತು.

ಸೇವೆ ಬಿಟ್ಟು ಹೊರಬಂದವರು:
ಹೊರಗಿನ ಕೆಲಸದ ಬಗ್ಗೆ. ಯುರೋಪಿನ ಪದ್ಧತಿಯಲ್ಲಿ ಏವಿಯಾನಿಕ್ಸ್‌ಗೆ ಬಿ2 ದರ್ಜೆಯ ಲೈಸೆನ್ಸ್ ಬೇಕು (ಮೇಲಿನ ಬಾಂಬರ್‌ಗೂ ಇದಕ್ಕೂ ಸಂಬಂಧವಿಲ್ಲ). ಮಿಲಿಟರಿ ಅನುಭವವನ್ನು ಪರಿಗಣಿಸುತ್ತಾರೆ, ಆದರೆ ಅದೊಂದೇ ಸಾಲದು. ನಾಗರಿಕ ವಿಮಾನದ ಮೇಲೂ ಕೆಲಸ ಮಾಡಿರಬೇಕು. ಮಾಡಿದ ಕೆಲಸವನ್ನೆಲ್ಲ ಲಾಗ್‌ಬುಕ್ಕಿನಲ್ಲಿ ಬರೆದು ಆಗಾಗಲೇ ಸಹಿ ಹಾಕಿಸಿಕೊಳ್ಳಿ. ಹೊರಬಂದ ಮೇಲೆ ಸಹಿ ಹುಡುಕುತ್ತಾ ಅಲೆದಿದ್ದೇನೆ, ಆ ಪಾಡು ಬೇಡ. ಇಷ್ಟಾಗಿ ನಾನೀಗ ಆಸ್ಪತ್ರೆಯ ಸ್ಕ್ಯಾನಿಂಗ್ ಮೆಷಿನ್ ರಿಪೇರಿ ಮಾಡುತ್ತೇನೆ. ಇಲ್ಲೂ ಮೊದಲು ನೋಡುವುದು ಕನೆಕ್ಟರೇ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಒಂದು ಒಳ್ಳೆ ಮಲ್ಟಿಮೀಟರ್ ಕೊಂಡುಕೊಂಡು ಹೋಗಲಾ?

ಫ್ಲೈಟ್ ಲೈನ್‌ನವರು:
ಬೇಡ. ಕ್ಯಾಲಿಬ್ರೇಶನ್ ಸ್ಟಿಕ್ಕರ್ ಇಲ್ಲದ ಮೀಟರನ್ನು ವಿಮಾನದ ಹತ್ತಿರಕ್ಕೂ ಬಿಡುವುದಿಲ್ಲ. ಆ ದುಡ್ಡಿಗೆ ಒಂದು ಜೊತೆ ಮೊಣಕಾಲು ಪ್ಯಾಡ್ ತಗೋ.