ಗಾರ್ಮೆಂಟ್ಸ್, ಗ್ರಾಚುಟಿ, ರಾಜೀನಾಮೆ: ವನಜಾ ಮೇಡಂ ಅವ್ರನ್ನ ಕೇಳಿ

ಅಡ್ಮಿನ್: ವನಜಾ ಮೇಡಂ ಗಾರ್ಮೆಂಟ್ಸ್ ಎಚ್‌ಆರ್‌ನಲ್ಲಿ ತುಂಬಾ ವರ್ಷ ಇದ್ದೋರು, ಈಗ ಕಾರ್ಮಿಕ ಕಾನೂನು ಸಲಹೆ ಕೊಡ್ತಾರೆ. ಪ್ರಶ್ನೆ ಕೇಳಿ, ಫಾರ್ವರ್ಡ್ ಹಾಕ್ಬೇಡಿ.

ಕಿರಣ್: ಮೇಡಂ 90 ದಿನ ನೋಟಿಸ್ ಪಿರಿಯಡ್ ಇದೆ, ದುಡ್ಡು ಕಟ್ಟಿ ಬೇಗ ಹೋಗಬಹುದಾ?

ವನಜಾ: ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ ಇದ್ರೆ ಹೋಗಬಹುದು. ಓದಿ ನೋಡಿ.

ಮದ್ದೂರ್ ಎಚ್‌ಆರ್: ನಮಸ್ತೆ ಮೇಡಂ. ಗಾರ್ಮೆಂಟ್ಸ್ ಒಂದ್ರಲ್ಲಿ ಎಚ್‌ಆರ್ ನಾನು, ಹೊಸಬಳು. ನಾಲ್ಕೂವರೆ ವರ್ಷ ಆದ ಟೈಲರ್‌ಗಳ ಲಿಸ್ಟ್ ಕೊಟ್ಟು, ರಾಜೀನಾಮೆ ಬರೆಸ್ಕೋ, ಪಿಎಫ್ ತೆಗೆಸ್ಕೊಡು, ಆಮೇಲೆ ಹೊಸ ನಂಬರ್‌ನಲ್ಲಿ ಸೇರಿಸ್ಕೋ ಅಂತ ಮ್ಯಾನೇಜರ್ ಹೇಳಿದಾರೆ. ಕೆಲವು ಅಕ್ಕಂದಿರೇ ಬಂದು ಬರ್ಕೊಡ್ತೀವಿ, ಸ್ಕೂಲ್ ಫೀಸ್ ಕಟ್ಬೇಕು ಅಂತಾರೆ. ಅವ್ರೇ ಒಪ್ಪಿದ್ರೆ ತಪ್ಪಿಲ್ಲ ಅಲ್ವಾ?

ವನಜಾ: ತಪ್ಪೇ ಕಣಮ್ಮ. ಫೀಸಿಗೆ ದುಡ್ಡಿಲ್ಲ ಅಂತ ಬರ್ಕೊಡೋದನ್ನ ಒಪ್ಪಿಗೆ ಅನ್ಬೇಡ. ಒಂದೇ ಕಡೆ ಐದು ವರ್ಷ ದುಡಿದು ಬಿಡುವಾಗ ಕಂಪನಿ ಕೊಡೋ ಇಡುಗಂಟು ಗ್ರಾಚುಟಿ, ಅದರ ಲೆಕ್ಕ ಹಾಕು. ತಿಂಗಳಿಗೆ ಬೇಸಿಕ್, ಡಿಎ (ತುಟ್ಟಿಭತ್ಯೆ) ಸೇರಿ 13,000 ಅಂದ್ರೆ 26ರಿಂದ ಭಾಗಿಸಿ ದಿನಕ್ಕೆ 500, ವರ್ಷಕ್ಕೆ 15 ದಿನದ್ದು 7,500, ಹತ್ತು ವರ್ಷಕ್ಕೆ 75,000. ಎರಡು ಸಲ ರಾಜೀನಾಮೆ ಬರೆಸಿದ್ರೆ ಅದೇ ಮಿಷಿನ್ ಮುಂದೆ ಹತ್ತು ವರ್ಷ ಕೂತೋಳಿಗೆ ಒಂದು ರೂಪಾಯಿ ಇಲ್ಲ. ನಾಲ್ಕೂವರೆಗೇ ಯಾಕೆ ಅಂತ ಯೋಚನೆ ಮಾಡಿದ್ಯಾ? ಐದನೇ ವರ್ಷದಲ್ಲಿ 240 ದಿನ ತುಂಬಿದ್ರೆ ಸಾಕು ಅಂತ ಮದ್ರಾಸ್ ಹೈಕೋರ್ಟ್ ತೀರ್ಪಿದೆ, ಅದಕ್ಕೂ ಮುಂಚೆ ಕತ್ತರಿಸ್ತಿದಾರೆ.

ಪಿಎಫ್ ತೆಗೆಸಿದ್ರೆ ಇನ್ನೊಂದು ನಷ್ಟ. ಪೆನ್ಷನ್‌ಗೆ ಹತ್ತು ವರ್ಷದ ಸರ್ವೀಸ್ ಬೇಕು, ಪೆನ್ಷನ್ ದುಡ್ಡನ್ನೂ ತೆಗೆಸ್ಬಿಟ್ರೆ ಅಷ್ಟು ವರ್ಷ ಅಳಿಸಿ ಹೋಯ್ತು. ಈ ಹೆಣ್ಮಕ್ಕಳಿಗೆ ಪಿಎಫ್ ಬಿಟ್ರೆ ಉಳಿತಾಯ ಇಲ್ಲ, 2016ರ ಏಪ್ರಿಲ್‌ನಲ್ಲಿ ಪಿಎಫ್ ತೆಗೆಯೋ ರೂಲ್ ಬಿಗಿ ಮಾಡಿದಾಗ ಸಾವಿರಾರು ಜನ ಹೊಸೂರು ರಸ್ತೆಗೆ ಇಳಿದ್ರು, ಕೇಂದ್ರ ಸರ್ಕಾರ ವಾಪಸ್ ತಗೊಳ್ತು, ಸುಮ್ನೆ ಇಳಿದಿದ್ದಲ್ಲ ಅವ್ರು. ಅದಕ್ಕೇ ಫೀಸ್ ಕೇಳ್ದೋರಿಗೆ ರಾಜೀನಾಮೆ ಅಲ್ಲ, ಪಿಎಫ್ ಅಡ್ವಾನ್ಸ್ ಅರ್ಜಿ ಫಾರಂ 31 ತೋರಿಸು. ಕೆಲಸದಲ್ಲಿದ್ದೇ ಅಡ್ವಾನ್ಸ್ ಸಿಗತ್ತೆ, ಮಕ್ಕಳ ಓದಿಗೂ ಇದೆ, ಷರತ್ತು ನೋಡಿ ಹಾಕಿಸು.

ಇನ್ನೂ ಒಂದು. ನಮ್ಮ ಬಟ್ಟೆ ಕೊಳ್ಳೋ ಬಯರ್ ಕಡೆಯವರು ಸಸ್ಟೈನಬಿಲಿಟಿ ಅಂತ ಬಂದಾಗ ಸೋಲಾರ್ ತೋರಿಸ್ತೀವಿ, ನೀರಿನ ಲೆಕ್ಕ ಕೊಡ್ತೀವಿ. ಕಾಲರ್ ಕೂರಿಸೋ ಕೈ ಹತ್ತು ವರ್ಷ ಉಳೀತಾ ಅಂತ ನಾನು ಕೂತ ಆಡಿಟ್‌ನಲ್ಲಿ ಯಾರೂ ಕೇಳ್ಲಿಲ್ಲ. ಆ ಕೈ ಹೋದ್ರೆ ಹೊಸಬಳು ಟಾರ್ಗೆಟ್‌ಗೆ ಬರೋಕೆ ತಿಂಗಳುಗಟ್ಟಲೆ ಬೇಕು, ಆ ಖರ್ಚನ್ನ ನಿಮ್ಮ ಮ್ಯಾನೇಜರ್ ಯಾವ ಶೀಟಲ್ಲೂ ಬರೆಯಲ್ಲ. ಮೊದಲು ಅವ್ರ ಸೂಚನೆ ಈಮೇಲ್‌ನಲ್ಲಿ ಕೇಳು.

ಪೀಣ್ಯ ಗೆಳೆಯ: *ಶುಭ ಸುದ್ದಿ!! ಹೊಸ ಲೇಬರ್ ಕೋಡ್ ಬಂತು, ಇನ್ಮುಂದೆ ಎಲ್ಲರಿಗೂ ಒಂದೇ ವರ್ಷಕ್ಕೆ ಗ್ರಾಚುಟಿ. ಹತ್ತು ಜನಕ್ಕೆ ಕಳಿಸಿ*

ವನಜಾ: ಕೋಡ್ 2025ರ ನವೆಂಬರ್ 21ಕ್ಕೆ ಜಾರಿಗೆ ಬಂದಿದ್ದು ನಿಜ. ಒಂದು ವರ್ಷದ್ದು ಫಿಕ್ಸೆಡ್ ಟರ್ಮ್, ಅಂದ್ರೆ ಇಷ್ಟೇ ಅವಧಿಗೆ ಅಂತ ಬರೆದು ತಗೊಂಡೋರಿಗೆ ಮಾತ್ರ, ಪರ್ಮನೆಂಟ್‌ನೋರಿಗೆ ಐದೇ. ಇದನ್ನ ನಂಬಿ ಎರಡು ವರ್ಷಕ್ಕೆ ಕೆಲಸ ಬಿಟ್ಟೋಳು ಬರಿಗೈಲಿ ಹೋಗ್ತಾಳೆ. ದಯವಿಟ್ಟು ತೆಗೀರಿ.

ಶೈಲ: ಮೇಡಂ ನಮ್ಮಲ್ಲಿ 200 ಜನ ಹೆಂಗಸರಿದೀವಿ, ಮಕ್ಕಳನ್ನ ಬಿಡೋಕೆ ಕ್ರೆಶ್ ಇಲ್ಲ, 50 ಜನ ಇದ್ರೆ ಕಡ್ಡಾಯ ಅಂತಾರಲ್ಲ, ಯಾರಿಗೆ ಹೇಳೋದು?

ಜಾಬ್‌ವರ್ಕ್ ರವಿ: ಮೇಡಂ ಮಾತು ದೊಡ್ಡ ಫ್ಯಾಕ್ಟರಿಗೆ ಸರಿ. ನಂದು 30 ಮಿಷಿನ್. ಪೀಸ್ ರೇಟ್ ಏರಿಸಿ ಅಂದ್ರೆ ಬಯರ್ ಕಡೆಯವರು ಬಾಂಗ್ಲಾದೇಶದಲ್ಲಿ ಕಮ್ಮಿಗೆ ಆಗತ್ತೆ ಅಂತಾರೆ. ನಾನು ಎಲ್ಲಿಂದ ತರ್ಲಿ?

ನಾಗಮ್ಮ ಟೈಲರ್: ನಿಮ್ ರೇಟ್ ಜಗಳ ಬಯರ್ ಹತ್ರ ಆಡಿ ಸಾರ್, ನಮ್ ಗ್ರಾಚುಟಿ ಮೇಲೆ ಯಾಕೆ.

ಜಾಬ್‌ವರ್ಕ್ ರವಿ: ಯೂನಿಟ್ ಮುಚ್ಚಿದ್ರೆ ಗ್ರಾಚುಟಿ ಯಾರು ಕೊಡ್ತಾರಮ್ಮ? ಮಾತಾಡೋದು ಸುಲಭ.

ನಾಗಮ್ಮ ಟೈಲರ್: ಮೂರ್ಸಲ ರಾಜೀನಾಮೆ ಬರ್ದಿದೀನಿ, ನನಗೆ ಸುಲಭದ ಮಾತು ಹೇಳ್ಬೇಡಿ.

ಕಿರಣ್: ಐಟಿಲಿ ಇನ್ನೂ ಕಷ್ಟ, ರಾತ್ರೋರಾತ್ರಿ ತೆಗೀತಾರೆ.

ನಾಗಮ್ಮ ಟೈಲರ್: ನಿಮ್ ಒಂದ್ ತಿಂಗಳ ಸಂಬಳ ನಮ್ ಒಂದ್ ವರ್ಷದ್ದು, ಇಲ್ಲಿ ಬರ್ಬೇಡಿ.

ಕಿರಣ್: ಸಂಬಳ ಜಾಸ್ತಿ ಇದ್ರೆ ಸಾಲ ಇರಲ್ವಾ? ಪ್ರಶ್ನೆ ಕೇಳೋಕೂ ಜಾತಿ ಸರ್ಟಿಫಿಕೇಟ್ ತರ್ಬೇಕಾ?

ವನಜಾ: ರವಿ ಅವ್ರೇ, ಹತ್ತು ಜನ ಇದ್ರೆ ಗ್ರಾಚುಟಿ ಅನ್ವಯ, 30 ಮಿಷಿನ್ ಸಣ್ಣದಲ್ಲ. ಬೇಸಿಕ್, ಡಿಎ ಸೇರಿದ ಸಂಬಳದ ಶೇ. 4.81 ಪ್ರತಿ ತಿಂಗಳು ಎತ್ತಿಡಿ, ಎಲ್‌ಐಸಿ ಗ್ರೂಪ್ ಗ್ರಾಚುಟಿಗೆ ಕಟ್ಟಿ. ಒಟ್ಟಿಗೆ ಬಂದಾಗ ಭಾರ ಆಗತ್ತೆ, ಪೀಸ್ ರೇಟ್ ಮಾತಾಡುವಾಗಲೇ ಇದನ್ನ ಸೇರಿಸಿ ಮಾತಾಡಿ. ನಾಗಮ್ಮ, ಅದೇ ಫ್ಯಾಕ್ಟರಿನಾ ಮೂರೂ ಸಲ? ಹಾಗಿದ್ರೆ ಹಳೇ ಐಡಿ ಕಾರ್ಡ್, ಸಂಬಳ ಚೀಟಿ, ಪಿಎಫ್ ಪಾಸ್‌ಬುಕ್ ಎತ್ತಿಟ್ಕೊಳ್ಳಿ. ಮಧ್ಯೆ ಬಿಡುವು ಬರೀ ಕಾಗದದಲ್ಲಿ ಇತ್ತಾ, ನಿಜವಾಗ್ಲೂ ಮನೇಲಿದ್ರಾ ಅನ್ನೋದು ಮುಖ್ಯ. ಲೇಬರ್ ಆಫೀಸಲ್ಲಿ ಗ್ರಾಚುಟಿ ಅರ್ಜಿ ಹಾಕೋಕೆ ದುಡ್ಡು ಕೇಳೋ ಏಜೆಂಟ್ ಬೇಡ.

ಸುರೇಶ: 90 ದಿನ ನೋಟಿಸ್ ಕಟ್ಟಲೇಬೇಕಾ ಮೇಡಂ?

ವನಜಾ: ಮೇಲೆ ಹೇಳಿದೀನಿ.

ಪೀಣ್ಯ ಗೆಳೆಯ: ನನ್ ಪೋಸ್ಟ್ ಅಡ್ಮಿನ್ ಯಾಕೆ ತೆಗೆದ್ರಿ? ಜನಕ್ಕೆ ಒಳ್ಳೇದಾಗ್ಲಿ ಅಂತ ಹಾಕಿದ್ದು.

ವನಜಾ: ತಪ್ಪು ಮಾಹಿತಿಯಿಂದ ಯಾರಿಗೂ ಒಳ್ಳೇದಾಗಲ್ಲ. ಮತ್ತೆ ಹಾಕಿದ್ರೆ ನಾನು ಇಲ್ಲಿ ಉತ್ತರ ಕೊಡೋದು ನಿಲ್ಲಿಸ್ತೀನಿ.

ಮದ್ದೂರ್ ಎಚ್‌ಆರ್: ಮೇಡಂ, ಈಮೇಲ್ ಕೊಡಲ್ಲ, ಬಾಯಲ್ಲಿ ಹೇಳಿದ್ದು ಮಾಡು ಅಂದ್ರು. ನಾಳೆ ಆರು ಜನರ ಲೆಟರ್ ಬೇಕಂತೆ. ಮಾಡ್ದಿದ್ರೆ ನನ್ ಕೆಲಸ?

ವನಜಾ: ಭಯ ಸಹಜ. ಆದ್ರೂ ನಿನ್ನ ಕೈಯಲ್ಲಿ ಒಂದು ಲೆಟರೂ ಬರೆಯಬೇಡ, ಟೈಪೂ ಮಾಡ್ಬೇಡ. ನೀವು ಹೀಗೆ ಹೇಳಿದ್ರಿ, ಇದು ಕಾನೂನಿಗೆ ಸರಿಯಿಲ್ಲ ಅನ್ಸತ್ತೆ, ಲಿಖಿತ ಸೂಚನೆ ಕೊಡಿ ಅಂತ ನೀನೇ ಈವತ್ತೇ ಈಮೇಲ್ ಹಾಕು, ಮರ್ಯಾದೆಯಿಂದ ಬರಿ. ಆ ಆರು ಜನ ಸೇರಿದ ತಾರೀಖು ನನಗೆ ಇನ್‌ಬಾಕ್ಸ್‌ನಲ್ಲಿ ಕಳ್ಸು, ಯಾರಿಗೆ 240 ದಿನ ಹತ್ರ ಇದೆ ನೋಡೋಣ.

ಶೈಲ: ಮೇಡಂ ಕ್ರೆಶ್ ಪ್ರಶ್ನೆ ಮೇಲೆ ಕೇಳಿದ್ದೆ.