ಮಕ್ಕಳ ಬೇಸಿಗೆ ರಜೆಗೆ ಶಿರಸಿಯ ಮಳೆಗಾಲ

ಮಳೆಗಾಲದಲ್ಲಿ ಮಕ್ಕಳನ್ನು ಊರಿಗೆ ಕರೆದುಕೊಂಡು ಹೋಗಿ ಏನು ಮಾಡುವುದು, ಮನೆಯೊಳಗೇ ಕೂರಿಸಬೇಕಲ್ಲ ಎಂದು ನಮ್ಮಲ್ಲಿ ಹಲವರು ಹಿಂಜರಿಯುತ್ತಾರೆ. ನ್ಯೂಜೆರ್ಸಿಯ ಶಾಲೆಗಳಿಗೆ ರಜೆ ಸಿಗುವುದೇ ಜೂನ್ ಕೊನೆಯ ಹೊತ್ತಿಗೆ. ಅಷ್ಟರಲ್ಲಿ ಶಿರಸಿಯಲ್ಲಿ ಮಳೆ ಹಿಡಿದಿರುತ್ತದೆ. ನನ್ನನ್ನು ಕೇಳಿದರೆ, ಗಿಡಮರ, ಹುಳಹುಪ್ಪಟೆಗಳನ್ನು ಮಕ್ಕಳಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ಕಾಲವೇ ಇಲ್ಲ. ಈ ವರ್ಷ ನಮ್ಮ ಇಬ್ಬರೂ ಮಕ್ಕಳು ರಜೆಯನ್ನು ಅಜ್ಜಿ ಮನೆಯ ಹಿತ್ತಲಲ್ಲೇ ಕಳೆದರು.

ನಾವು ಹೋದ ಮರುದಿನವೇ ಅತ್ತೆಯವರು ಮಕ್ಕಳ ಕೈಯಲ್ಲಿ ಸೌತೆ ಬೀಜ ಹಾಕಿಸಿದರು. ಆ ಮಳೆಗೆ ಸಪಾಟು ನೆಲದಲ್ಲಿ ನೀರು ನಿಂತು ಬೀಜ ಕೊಳೆಯುತ್ತದೆ, ಆದ್ದರಿಂದ ಮಣ್ಣು ಏರಿಸಿ ಮಡಿ ಮಾಡಬೇಕು. ಬಳ್ಳಿ ಚಪ್ಪರ ಹತ್ತಿ ಹೂ ಬಿಟ್ಟಾಗ ಮಗಳಿಗೆ ಚಿಂತೆ: ಇಷ್ಟು ಹೂವಿದ್ದರೂ ಒಂದೂ ಕಾಯಿ ಇಲ್ಲವಲ್ಲ! ಮೊದಲು ಬರುವುದು ಗಂಡು ಹೂ. ಹೆಣ್ಣು ಹೂವಿನ ಹಿಂದೆ ಅರಳುವ ಮೊದಲೇ ಕಿರುಬೆರಳಿನ ತುದಿಯಷ್ಟು ಮಿಡಿ ಇರುತ್ತದೆ, ಮೈತುಂಬ ಸಣ್ಣ ಮುಳ್ಳು. ಜಡಿಮಳೆಯಲ್ಲಿ ಜೇನು ಹಾರುವುದಿಲ್ಲ, ಪರಾಗಸ್ಪರ್ಶವಾಗದ ಮಿಡಿ ಹಳದಿಯಾಗಿ ಉದುರುತ್ತದೆ. ಮಳೆ ಹೊಳವಾದ ಬೆಳಿಗ್ಗೆ ಗಂಡು ಹೂ ಕಿತ್ತು, ಎಸಳು ಬಿಡಿಸಿ, ಹೆಣ್ಣು ಹೂವಿಗೆ ಸವರುವುದನ್ನು ಅಜ್ಜಿ ಕಲಿಸಿದರು. ತಾನು ಸವರಿದ ಹೂಗಳಿಗೆ ಮಗಳು ಕೆಂಪು ದಾರ ಕಟ್ಟಿದಳು. ಅವುಗಳಲ್ಲಿ ಕಾಯಿ ಕಟ್ಟಿದಾಗ ಅವಳ ಮುಖ ನೋಡಬೇಕಿತ್ತು.

ಮಗನಿಗೆ ಕಪ್ಪೆಯ ಹುಚ್ಚು ಹಿಡಿದದ್ದು ತೋಟದ ಕೆರೆಯ ಬಳಿ. ನೀರಿನ ಮೇಲೆ ಬಾಗಿದ ಕೊಂಬೆಯ ಎಲೆಗಳ ನಡುವೆ ಬಿಳಿ ನೊರೆಯ ಮುದ್ದೆ. ಅದು ಹಾರುವ ಕಪ್ಪೆಯ ಗೂಡು. ಪಶ್ಚಿಮ ಘಟ್ಟದ ಈ ಹಸಿರು ಮರಗಪ್ಪೆ ಮೊಟ್ಟೆಗಳನ್ನು ನೊರೆಯೊಳಗೆ ಇಡುತ್ತದೆ. ಮರಿಗಳು ಹೊರಬಂದು ನೇರ ನೀರಿಗೆ ಬೀಳುತ್ತವೆ. ಶಾಲೆಯಲ್ಲಿ ಕಪ್ಪೆಯ ಜೀವನಚಕ್ರದ ಚಿತ್ರಕ್ಕೆ ಬಣ್ಣ ತುಂಬಿದ ಹುಡುಗ ಕೊಡೆ ಹಿಡಿದು ದಿನವೂ ಅಲ್ಲೇ ಕಾಯುತ್ತಿದ್ದ. ಯಾವ ಬೇಸಿಗೆ ಶಿಬಿರಕ್ಕೆ ದುಡ್ಡು ಕಟ್ಟಿದರೂ ಇದು ಸಿಗುವುದಿಲ್ಲ.

ಉಂಬಳ ಹತ್ತುತ್ತದೆ, ನಿಜ. ಸ್ವಲ್ಪ ದಿನಕ್ಕೆ ಮಕ್ಕಳೇ ಕಿತ್ತೆಸೆಯುತ್ತಾರೆ. ಆದರೆ ಹಾವಿನ ವಿಷಯದಲ್ಲಿ ಸಡಿಲ ಬಿಡಬೇಡಿ. ಕತ್ತಲಾದ ಮೇಲೆ ಬ್ಯಾಟರಿ ಇಲ್ಲದೆ, ಬರಿಗಾಲಲ್ಲಿ ಅಂಗಳಕ್ಕೂ ಇಳಿಸಬೇಡಿ.

ಬರುವಾಗ ಅಜ್ಜಿಯ ಬೀಜ, ಬಸಳೆ ಕುಡಿ ತರುವ ಆಸೆ ಎಲ್ಲರಿಗೂ ಇರುತ್ತದೆ. ಅಮೆರಿಕಕ್ಕೆ ಬೀಜ, ಗಿಡ ತರಲು ಕಾಗದಪತ್ರ ಬೇಕು, ಊರಿನ ಮಣ್ಣಂತೂ ಅನುಮತಿಯಿಲ್ಲದೆ ಬರುವಂತಿಲ್ಲ. ‘ಮಲಬಾರ್ ಸ್ಪಿನಾಚ್’ ಹೆಸರಿನಲ್ಲಿ ಬಸಳೆ ಬೀಜ ಇಲ್ಲೇ ಸಿಗುತ್ತದೆ. ಇಬ್ಬನಿ ಹೆಪ್ಪುಗಟ್ಟುವ ಚಳಿ ಪೂರ್ತಿ ಹೋದ ಮೇಲೆ ಹೊರಗೆ ನೆಡಿ, ಸೆಕೆ ಏರಿದಂತೆ ಹಬ್ಬುತ್ತದೆ.

ಮುಂದಿನ ರಜೆಯಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹೋಗುವವರು ಮೊದಲೇ ತಿಳಿಸಿ. ಒಂದೆರಡು ದಿನ ಮಕ್ಕಳನ್ನು ನಮ್ಮ ಹಿತ್ತಲಲ್ಲಿ ಒಟ್ಟು ಸೇರಿಸೋಣ.